ಕೊರ್ಲಹಳ್ಳಿಯ ಇನ್ನೊಬ್ಬ ಗದಿಗೆವ್ವ

ಹಿರೇವಡ್ಡಟ್ಟಿಯ ಗದಿಗೆವ್ವನ ಮನೆಯಲ್ಲಿ ಎಮ್ಮೆ ಇರಲಿಲ್ಲ. ಆದರೂ ಆಕೆಯ ಎಮ್ಮೆಗೆ ಕಾಲುಬಾಯಿ ಬೇನೆಯ ಲಸಿಕೆ ಹಾಕಿಸಬೇಕೆಂದು ಪಶು ಇಲಾಖೆಯಿಂದ ಮೊಬೈಲಿಗೆ ಸಂದೇಶ ಬಂತು. ಗಂಡ ಗೋಣೆಪ್ಪ ಓದಿ ಹೇಳಿದ. ಇಬ್ಬರೂ ನಕ್ಕು ಸುಮ್ಮನಾದರು. ಕೆಲವು ದಿನ ಕಳೆದ ಮೇಲೆ ಕೃಷಿ ಇಲಾಖೆಯವರು, ಹೊಳೆದಂಡೆಯ ನಿಮ್ಮ ಗದ್ದೆಗೆ ಭತ್ತದ ಬೀಜ ಬಂದಿದೆ, ಒಯ್ಯಿರಿ ಎಂದು ಸಂದೇಶ ಕಳಿಸಿದರು. ಮಳೆಯನ್ನೇ ನಂಬಿದ ಹಿರೇವಡ್ಡಟ್ಟಿಯ ಅವರ ಎರೆಹೊಲಕ್ಕೂ ಹೊಳೆಗೂ ಎಲ್ಲಿಯ ನಂಟು?

"ಖರೆ ಹೇಳ್ರಿ," ಎಂದಳು ಗದಿಗೆವ್ವ, "ಹೊಳಿದಂಡಿಗೆ ಇನ್ನೊಂದು ಮನಿ ಮಾಡೀರೇನು?"

"ಹೂಂ, ಎಮ್ಮಿ ಕಟ್ಟೀನಿ, ಭತ್ತಾ ಹಚ್ಚೀನಿ. ನಿನಗ ಹೇಳೂದೊಂದು ಉಳದಿತ್ತು."

ಮಂಗಳವಾರ ಬಂದ ಮೂರನೆಯ ಸಂದೇಶಕ್ಕೆ ಮಾತ್ರ ನಗು ಬರಲಿಲ್ಲ. ಗುರುವಾರ ಬೆಳಿಗ್ಗೆ ಗದಗಿನ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಯುತ್ತಾರೆ. ತಪ್ಪಿಸಿದರೆ ಸರದಿ ಮತ್ತೊಬ್ಬರಿಗೆ. ತನ್ನ ಕಣ್ಣುಗಳು ಚೆನ್ನಾಗಿಯೇ ಇದ್ದವು. ಹಾಗಾದರೆ ಈ ಕಣ್ಣು ಯಾರದು?

ಗದಿಗೆವ್ವ ಮೊಬೈಲ್ ಹಿಡಿದು ಬಸ್‌ ನಿಲ್ದಾಣದ ಪಕ್ಕದ ಸೇವಾ ಕೇಂದ್ರಕ್ಕೆ ಹೋದಳು. ಅದನ್ನು ನಡೆಸುವ ಮೆಹನಾಜ ಕಂಪ್ಯೂಟರಿನಲ್ಲಿ ಹುಡುಕಿ, ಹಣೆ ಚಚ್ಚಿಕೊಂಡಳು.

"ಮೊದಲ ಒಂದೊಂದ ಇಲಾಖಿ ತನ್ನ ದಾಖಲಿ ತಾನ ಇಟಗೊಂಡು ಕುಂಡ್ರತಿತ್ತು ಅಕ್ಕಾರ. ಈಗ ಎಲ್ಲಾ ಒಂದಕ್ಕೊಂದು ಜೋಡಿಸ್ಯಾರ. ಒಂದ ಕಡೆ ಹೆಸರು ಬರಸಿದ್ರ ಎಲ್ಲಾ ಕಡೆ ಮುಟ್ಟತೈತಿ. ಚಲೋನ ಆತು. ಆದ್ರ ತಪ್ಪೂ ಹಂಗ ಮುಟ್ಟತೈತಿ. ಕೊರ್ಲಹಳ್ಯಾಗ ಇನ್ನೊಬ್ಬಾಕಿ ಗದಿಗೆವ್ವ ಅದಾಳ. ಆಕಿ ಗಂಡನ ಹೆಸರೂ ಗೋಣೆಪ್ಪನ. ಯಾರೋ ಇಬ್ಬರೂ ಒಬ್ಬಾಕಿನ ಅಂದಕೊಂಡು ಕೂಡಿಸಿಬಿಟ್ಟಾರ."

"ಹೊಳಿದಂಡಿ ಎಮ್ಮಿ ಆಕಿದಾ?"

"ಆಕಿದ. ನೀವಿಬ್ಬರೂ ಬಂದು ಹೆಬ್ಬಟ್ಟು ಒತ್ತಿದ್ರ ಬ್ಯಾರೆ ಮಾಡ್ತೀನಿ."

"ಅದು ಆಮ್ಯಾಲ ಆಗಲಿ. ಗುರುವಾರದ ಖಬರ ಆಕಿಗೆ ಯಾರು ಮುಟ್ಟಸ್ತಾರ?"

ಮೆಹನಾಜ ಮತ್ತೆ ಕಂಪ್ಯೂಟರ್ ನೋಡಿದಳು. ಕೊರ್ಲಹಳ್ಳಿಯಾಕೆಯ ಹೆಸರಿನ ಮುಂದೆ ಇದ್ದದ್ದೂ ಗದಿಗೆವ್ವನ ನಂಬರೇ.

ಮರುದಿನ ಬೆಳಿಗ್ಗೆಯೇ ಗದಿಗೆವ್ವ ಮುಂಡರಗಿಗೆ ಹೋಗಿ, ಅಲ್ಲಿಂದ ಕೊರ್ಲಹಳ್ಳಿಯ ಬಸ್‌ ಹಿಡಿದಳು. ಊರಲ್ಲಿ ಕೇಳುತ್ತ ಹೋದಾಗ ತುಂಗಭದ್ರೆಯ ಕಡೆಯ ಓಣಿಯಲ್ಲಿ ಮನೆ ಸಿಕ್ಕಿತು. ಕಟ್ಟೆಯ ಮೇಲೆ ಹೆಂಗಸೊಬ್ಬಳು ಹೆಸರುಕಾಳನ್ನು ಬೆರಳಿನಿಂದ ತಡವಿ ತಡವಿ ಆರಿಸುತ್ತಿದ್ದಳು.

"ಗದಿಗೆವ್ವ ಅಂದ್ರ ನೀವ ಏನ್ರಿ?"

"ಹೌದ್ರಿ. ನೀವ್ಯಾರು? ನೆರಳು ಕಂಡಂಗ ಕಾಣತೀರಿ ನೋಡ್ರಿ."

"ನಾನೂ ಗದಿಗೆವ್ವನ."

ಚೇಷ್ಟೆಯೆಂದು ಆಕೆ ಮೊದಲು ಮುಖ ಗಂಟಿಕ್ಕಿದಳು. ವಿಷಯ ತಿಳಿದಾಗ ಕಾಳಿನ ಮೊರ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಡಾಕ್ಟರು ನೋಡಿ, ಮೊಬೈಲಿಗೆ ತಿಳಸ್ತೀವಿ ಅಂದಿದ್ರು. ದಿನಾ ಫೋನ್ ಮಡಲಾಗ ಇಟಗೊಂಡು ಕುಂತೀನಿ. ನನ್ನ ಮರತಾರ ಅಂದಕೊಂಡಿದ್ದೆ."

"ಮರತಿಲ್ಲವ್ವಾ. ನಿನಗ ಹೇಳೂದನ್ನ ನನಗ ಹೇಳಾಕತ್ತಿದ್ರು."

ಗಂಡ ತಮ್ಮನ ಮನೆ ಕಟ್ಟಿಸಲು ಶಿರಹಟ್ಟಿಗೆ ಹೋಗಿದ್ದನಂತೆ. ಒಬ್ಬಳೇ ಗದಗಿಗೆ ಹೇಗೆ ಹೋಗಲಿ ಎಂದು ಆಕೆ ಹಿಂಜರಿದಳು. "ನಾ ಇಲ್ಲೇನು? ಸೀರಿ ತುಂಬಕೋ, ಏಳು," ಎಂದಳು ನಮ್ಮ ಗದಿಗೆವ್ವ. ಪಕ್ಕದ ಮನೆಯ ಹುಚ್ಚವ್ವ ಎಮ್ಮೆಯನ್ನು ನೋಡಿಕೊಳ್ಳಲು ಒಪ್ಪಿದಳು.

ಸಂಜೆ ಇಬ್ಬರೂ ಕೈಹಿಡಿದು ಹಿರೇವಡ್ಡಟ್ಟಿಯ ಮನೆಗೆ ಬಂದುದನ್ನು ಕಂಡ ಗೋಣೆಪ್ಪ, "ಅಲ್ಲಲೇ, ಎಮ್ಮಿ ಎಲ್ಲಿ ಬಿಟ್ಟು ಬಂದ್ರಿ?" ಎಂದ. ಕೊರ್ಲಹಳ್ಳಿಯಾಕೆ ದನಿ ಬಂದ ಕಡೆ ತಿರುಗಿ, ಬಾಯಿಗೆ ಸೆರಗು ಒತ್ತಿ ನಕ್ಕಳು.

ಗುರುವಾರ ಆಸ್ಪತ್ರೆಯಲ್ಲಿ ನರ್ಸಮ್ಮ ಹೆಸರು ಕೂಗಿದಾಗ ಇಬ್ಬರೂ ಎದ್ದುನಿಂತರು. ಕಂಪ್ಯೂಟರಿನಲ್ಲಿದ್ದದ್ದು ಹಿರೇವಡ್ಡಟ್ಟಿಯವಳ ಫೋಟೊ. ನರ್ಸಮ್ಮ ಆಕೆಯನ್ನೇ ಕೂಡಿಸಿ, ಗದ್ದ ಎತ್ತಿ ಹಿಡಿದು, ಕಣ್ಣಿಗೆ ಔಷಧ ಬಿಡಲು ಹೋದಳು.

"ಯವ್ವಾ, ನನ್ನ ಕಣ್ಣು ಬಿಡ್ರಿ! ಕಾಣದಾಕಿ ಈಕಿ!"

ಗದ್ದಲಕ್ಕೆ ಡಾಕ್ಟರೇ ಹೊರಬಂದರು. ಇಬ್ಬರ ಕಣ್ಣಿಗೂ ಬ್ಯಾಟರಿ ಹಿಡಿದು ನೋಡಿ, ಪೊರೆ ಯಾರಿಗೆ ಬಂದಿದೆ ಎನ್ನಲು ಕಂಪ್ಯೂಟರನ್ನೇನೂ ಕೇಳಬೇಕಾಗಿಲ್ಲ ಎಂದು ನಕ್ಕು, ಕೊರ್ಲಹಳ್ಳಿಯಾಕೆಯನ್ನು ಒಳಗೆ ಕರೆದೊಯ್ದರು. ನಮ್ಮ ಗದಿಗೆವ್ವ ಹೊರಗಿನ ಬೆಂಚಿನ ಮೇಲೆ, ಹಿಂದಿನ ದಿನವಷ್ಟೇ ಕಂಡವಳಿಗಾಗಿ ದೇವರಿಗೆ ಕೈಮುಗಿಯುತ್ತ ಕುಳಿತಳು.

ಮರುದಿನ ಪಟ್ಟಿ ಬಿಚ್ಚಿದಾಗ ಆಕೆ ಬಹಳ ಹೊತ್ತು ಇವಳನ್ನೇ ನೋಡಿದಳು. "ದನಿ ಕೇಳಿ ದಪ್ಪಾಕಿ ಅಂದಕೊಂಡಿದ್ದೆ. ಇಷ್ಟ ಸಣ್ಣಾಕಿ ಅದಿ!"

ವಾರ ಕಳೆದ ಮೇಲೆ ಕೊರ್ಲಹಳ್ಳಿಯಾಕೆ ಒಬ್ಬಳೇ ಹಿರೇವಡ್ಡಟ್ಟಿಗೆ ಬಂದಳು. ಸೇವಾ ಕೇಂದ್ರದಲ್ಲಿ ಇಬ್ಬರೂ ಒಬ್ಬರಾದ ಮೇಲೊಬ್ಬರು ಹೆಬ್ಬಟ್ಟು ಒತ್ತಿದರು. ಮೆಹನಾಜ ಕೊರ್ಲಹಳ್ಳಿಯಾಕೆಯ ಹೊಸ ಫೋಟೊ ತೆಗೆದು, ಆಕೆಯದೇ ನಂಬರು ಬರೆದು ಕಳಿಸಿದಳು. ಮಂಜೂರಾತಿ ಬರುವವರೆಗೆ ಮೂವರೂ ಚಹಾ ಕುಡಿದರು.

"ಆತು ನೋಡ್ರಿ," ಎಂದಳು ಮೆಹನಾಜ. "ಇಲ್ಲಿ ಒಮ್ಮೆ ತಿದ್ದಿದ್ದು ಎಲ್ಲಾ ಇಲಾಖಿಗೂ ಹೋತು. ಒಂದೊಂದ ಆಫೀಸಿಗೆ ಅಡ್ಡಾಡೂದು ತಪ್ಪಿತು. ಇನ್ನ ನೀವಿಬ್ಬರೂ ಬ್ಯಾರೆ ಬ್ಯಾರೆ."

"ಸರಕಾರಕ್ಕ ಬ್ಯಾರೆ," ಎಂದಳು ಕೊರ್ಲಹಳ್ಳಿಯಾಕೆ. "ಸೋಮವಾರ ನೀ ನಮ್ಮ ಮನಿಗೆ ಬಾ. ಗಂಡನ್ನೂ ಕರಕೊಂಡ ಬಾ."

ನಿಲ್ದಾಣಕ್ಕೆ ಬಸ್‌ ಬಂತು. ಗದಿಗೆವ್ವ ರೂಢಿಯಂತೆ ಆಕೆಯ ತೋಳು ಹಿಡಿದು, "ಮುಂಡರಗಿದು, ಹತ್ತು," ಎನ್ನಲು ಬಾಯಿ ತೆರೆದಳು.

"ತಡಿ, ಬೋರ್ಡು ನಾನ ಓದತೀನಿ," ಎಂದಳು ಆಕೆ.