ಸೂಜಿಯ ಕೆಳಗೆ ಏನು ನಡೆಯುತ್ತದೆ?

ಚೆನ್ನಾಗಿ ಓಡುತ್ತಿದ್ದ ಹೊಲಿಗೆ ಯಂತ್ರ ಇದ್ದಕ್ಕಿದ್ದಂತೆ ಹೊಲಿಗೆ ಬಿಡತೊಡಗಿದರೆ ನೀವೇನು ಮಾಡುತ್ತೀರಿ? ದಾರ ಕಿತ್ತು ಮತ್ತೆ ಪೋಣಿಸುತ್ತೀರಿ. ಎಣ್ಣೆ ಬಿಡುತ್ತೀರಿ. ಅದಕ್ಕೂ ಬಗ್ಗದಿದ್ದರೆ ಯಂತ್ರದ ತಲೆಗೊಂದು ಏಟು ಹಾಕಿ, ಆಮೇಲೆ ನೀವೇ ಪಾಪ ಅಂದುಕೊಳ್ಳುತ್ತೀರಿ.

ನಮ್ಮ ಹೊಲಿಗೆ ಅಕ್ಕನೂ ಅಷ್ಟನ್ನೂ ಮಾಡಿದಳು. ಯಂತ್ರ ಮಾತ್ರ ಸರಿಹೋಗಲಿಲ್ಲ. ನಾಲ್ಕು ಹೊಲಿಗೆ ಬಿದ್ದರೆ ಒಂದು ಬಿಟ್ಟಿರುತ್ತಿತ್ತು. ಶಾಲೆ ಶುರುವಾಗುವ ಕಾಲ. ಮುಂದಿನ ಕೋಣೆಯ ಮಂಚದ ಮೇಲೆ ಮಕ್ಕಳ ಸಮವಸ್ತ್ರದ ಬಟ್ಟೆ ರಾಶಿ ಬಿದ್ದಿತ್ತು. ಯಂತ್ರ ನೋಡುತ್ತಿದ್ದ ರಿಪೇರಿಯವನು ಅಂಗಡಿ ಮುಚ್ಚಿ ಮಗಳ ಊರಿಗೆ ಹೋಗಿಬಿಟ್ಟಿದ್ದ.

ಇದ್ದಾಗಲೂ ಅವನು ಏನನ್ನೂ ಹೇಳಿಕೊಡುತ್ತಿರಲಿಲ್ಲ. ಯಂತ್ರವನ್ನು ಮಗುಚಿ, ಬೆನ್ನು ಅಡ್ಡ ಮಾಡಿ ಕೂರುತ್ತಿದ್ದ. ಅಕ್ಕ ಇಣುಕಿದರೆ, "ಬೆಳಕಿಗೆ ಅಡ್ಡ ಬರಬೇಡಮ್ಮ" ಎನ್ನುತ್ತಿದ್ದ.

ಅಕ್ಕನಿಗೆ ಒಂದೇ ಒಂದು ಆಸೆ ಇತ್ತು. ಅದೂ ಇಂದಿನದಲ್ಲ. ಮೇಲಿನ ದಾರ ಸೂಜಿಯ ಜೊತೆ ಕೆಳಗೆ ಹೋಗುತ್ತದೆ, ಸರಿ. ಕೆಳಗಿನ ದಾರ ಪುಟ್ಟ ಉರುಳೆಯಲ್ಲಿ, ಅಂದರೆ ಬಾಬಿನ್‌ನಲ್ಲಿ ಮುಚ್ಚಿಕೊಂಡು ಕೂತಿರುತ್ತದೆ, ಅದೂ ಸರಿ. ಆ ಕತ್ತಲಲ್ಲಿ ಎರಡೂ ಹೇಗೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ? ಶಾಲೆಯ ಹೊಲಿಗೆ ತರಗತಿಯಲ್ಲಿ ಟೀಚರನ್ನು ಕೇಳಿದ್ದಳು. "ನೀನು ನೇರವಾಗಿ ಹೊಲಿಯೋದು ಕಲಿ. ಒಳಗಿನ ಸಂಗತಿ ನಿನಗ್ಯಾಕೆ?" ಎಂದಿದ್ದರು. ಹುಡುಗಿಯರೆಲ್ಲ ನಕ್ಕಿದ್ದರು. ಅಂದಿನಿಂದ ಆ ಪ್ರಶ್ನೆ ಯಾರ ಮುಂದೆಯೂ ಬಾಯಿಗೆ ಬರಲಿಲ್ಲ. ಮನಸ್ಸಿನಿಂದ ಹೋಗಲೂ ಇಲ್ಲ. ಮನೆಯವರೆಲ್ಲ ಹೊರಗೆ ಹೋದಾಗ ಅವಳು ಒಮ್ಮೊಮ್ಮೆ ತಗಡಿನ ಮುಚ್ಚಳ ಸರಿಸಿ, ಚಕ್ರವನ್ನು ಮೆಲ್ಲಗೆ ತಿರುಗಿಸಿ ನೋಡುತ್ತಿದ್ದಳು. ಏನೋ ಹೊಳೆದಂತಾಗುತ್ತಿತ್ತು. ಅಷ್ಟರಲ್ಲಿ ಸೂಜಿ ಮೇಲೆ ಬಂದುಬಿಟ್ಟಿರುತ್ತಿತ್ತು.

ಅಂದು ಸಂಜೆ ಮೇಲಿನ ಮನೆಯ ಇಂಜಿನಿಯರಮ್ಮ ಬಂದಳು. ಬಾಟಲಿ ಕಾರ್ಖಾನೆಯಲ್ಲಿ ಮುಚ್ಚಳ ಹಾಕುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಸ್ಕ್ರೂಡ್ರೈವರ್ ತುರುಕಿ ತುರುಕಿ ಜೇಬು ಹರಿದಿದ್ದ ಅಂಗಿಯೊಂದು ಅವಳ ಕೈಯಲ್ಲಿತ್ತು.

"ಅಕ್ಕಾ, ಇದಕ್ಕೊಂದು ಹೊಲಿಗೆ ಹಾಕ್ಕೊಡ್ತೀರಾ?"

"ಹಾಕೋಣ ಅಂದ್ರೆ ಇವನು ಮುನಿಸ್ಕೊಂಡು ಕೂತಿದಾನೆ ನೋಡಿ" ಎಂದು ಅಕ್ಕ ಯಂತ್ರ ತೋರಿಸಿದಳು. "ನೀವು ಇಂಜಿನಿಯರು. ಸ್ವಲ್ಪ ನೋಡ್ತೀರಾ?"

"ಅಯ್ಯೋ, ನಾನು ಇದನ್ನ ಬಿಚ್ಚಿದ್ರೆ ನೀವು ಹೊಸದನ್ನೇ ಕೊಳ್ಬೇಕಾಗತ್ತೆ! ಹೊಲಿಗೆ ಯಂತ್ರ ನಾನು ಬಿಚ್ಚಿದವಳೇ ಅಲ್ಲ. ಆದ್ರೆ ಶನಿವಾರ ಮಧ್ಯಾಹ್ನ ಗ್ರಂಥಾಲಯದ ಕೆಳಗಿನ ಹಾಲ್‌ಗೆ ಬನ್ನಿ. ಯಂತ್ರಗಳು ಹೇಗೆ ಕೆಲಸ ಮಾಡ್ತವೆ ಅಂತ ತೋರಿಸ್ತೀವಿ. ಹೊಲಿಗೆ ಯಂತ್ರದ್ದೂ ಒಂದು ದೊಡ್ಡ ಮಾದರಿ ಇದೆ. ಮರದ್ದು. ಒಳಗೆ ನಡೆಯೋದೆಲ್ಲ ಹೊರಗೇ ಕಾಣತ್ತೆ."

ಅಕ್ಕನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. "ಸೂಜಿ ಕೆಳಗೆ ನಡೆಯೋದೂ ಕಾಣತ್ತಾ?"

"ಮುಖ್ಯವಾಗಿ ಕಾಣೋದೇ ಅದು."

ಇದನ್ನೆಲ್ಲ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಅಕ್ಕನ ಗಂಡ ಹೊರಗೆ ಬಂದ. ಅವನು ಬಸ್ ಡ್ರೈವರ್. ದಿನವಿಡೀ ಜನರನ್ನು ನೋಡಿ ನೋಡಿ ಯಾರನ್ನೂ ಸುಲಭಕ್ಕೆ ನಂಬದವನು.

"ಎಷ್ಟು ಟಿಕೆಟ್ಟು?" ಎಂದ.

"ಟಿಕೆಟ್ ಇಲ್ಲಣ್ಣ."

"ಹಾಗಾದ್ರೆ ಏನೋ ಮಾರ್ತೀರ. ಪುಕ್ಕಟೆ ಕೂರಿಸಿ, ಚಹಾ ಕುಡಿಸಿ, ಕೊನೆಗೆ ಒಂದು ಮಿಕ್ಸರ್ ತಲೆಗೆ ಕಟ್ತೀರ."

ಇಂಜಿನಿಯರಮ್ಮ ನಕ್ಕಳು. "ಚಹಾನೂ ಇಲ್ಲಣ್ಣ, ಹೆದರ್ಬೇಡಿ. ಯಂತ್ರವಿಜ್ಞಾನಕ್ಕೆ ಅಂತ ಒಂದು ಅಂತರರಾಷ್ಟ್ರೀಯ ಒಕ್ಕೂಟ ಇದೆ. ಬೇರೆ ಬೇರೆ ದೇಶದ ಇಂಜಿನಿಯರುಗಳ ಸಂಘಗಳು ಸೇರಿ ಕಟ್ಟಿದ್ದು. ನಮ್ಮ ಸಂಘನೂ ಅದರಲ್ಲಿದೆ. ಒಂದು ದೇಶದವರು ಒಳ್ಳೆ ಮಾದರಿ ಮಾಡಿದ್ರೆ ಅದರ ಚಿತ್ರ, ಅಳತೆ ಎಲ್ಲರಿಗೂ ಕಳಿಸ್ತಾರೆ. ನಾವು ನಮ್ಮ ಭಾಷೇಲಿ ಬರ್ಕೊಂಡು, ನಮ್ಮೂರಲ್ಲಿ ತೋರಿಸ್ತೀವಿ. ಎಲ್ಲರೂ ಸ್ವಯಂಸೇವಕರೇ. ಯಾರಿಗೂ ಸಂಬಳ ಇಲ್ಲ."

"ಸಂಬಳ ಇಲ್ದೆ ರಜಾ ದಿನ ಯಾಕೆ ಹಾಳು ಮಾಡ್ಕೋತೀರಿ?"

ಅವಳು ಹರಿದ ಜೇಬಿನೊಳಗೆ ಬೆರಳು ಹಾಕಿ ಆಡಿಸುತ್ತಾ ನಿಂತಳು.

"ನಾನು ಕಾರ್ಖಾನೆಗೆ ಸೇರ್ದಾಗ ಯಂತ್ರದ ವಿಭಾಗದಲ್ಲಿ ನಾನೊಬ್ಳೇ ಹೆಂಗಸು. ಈಗ್ಲೂ ನಾನೊಬ್ಳೇ. ಊಟದ ಹೊತ್ತಲ್ಲಿ ಯಂತ್ರದ ವಿಷಯ ಬಾಯ್ತುಂಬ ಮಾತಾಡೋಣ ಅಂದ್ರೆ ಒಬ್ಬ ಗೆಳತಿ ಇಲ್ಲ. ಇದು ನಮ್ಮದಲ್ಲ ಅಂತ ಹೆಂಗಸರೆಲ್ಲ ಬಾಗಿಲಲ್ಲೇ ನಿಂತುಬಿಡ್ತಾರೆ ಅಣ್ಣ. ಬನ್ನಿ ಅಂತ ಯಾರಾದ್ರೂ ಕರೀಬೇಕಲ್ಲ?"

ಡ್ರೈವರ್ ಅವಳಿಗೆ ಕೂರಲು ಸ್ಟೂಲ್ ಸರಿಸಿದ. ಆದರೆ ಅವನ ತಾಯಿ ಬಿಡಲಿಲ್ಲ. ಈ ಅಜ್ಜಿ ಹಿಂದೆ ಹಿಟ್ಟಿನ ಮಿಲ್ಲಿನಲ್ಲಿ ಯಂತ್ರದಿಂದ ಚೀಲದ ಬಾಯಿ ಹೊಲಿಯುವ ಕೆಲಸ ಮಾಡಿದವಳು. ಮಾತಿನಲ್ಲಿ ಇಂದಿಗೂ ಚುರುಕು.

"ಅಲ್ವೇ, ಸಮವಸ್ತ್ರ ಕೊಡೋದು ಶನಿವಾರವೇ ಅಲ್ವಾ? ಅದನ್ನ ಬಿಟ್ಟು ಮರದ ಯಂತ್ರ ನೋಡೋಕೆ ಹೋಗ್ತೀಯಾ? ಮನೇಲಿರೋ ಕಬ್ಬಿಣದ್ದು ಸಾಲ್ದಾ?"

"ಮುಗಿಸೇ ಹೋಗ್ತೀನಿ ಅತ್ತೆ" ಎಂದಳು ಅಕ್ಕ. ಅವಳ ದನಿಯಲ್ಲಿ ಅಂಥ ಹಟವನ್ನು ಆ ಮನೆ ಅದುವರೆಗೆ ಕೇಳಿರಲಿಲ್ಲ.

ಶನಿವಾರ ಅವಳು ಬೆಳಗಿನಿಂದ ತಲೆಯೆತ್ತಲಿಲ್ಲ. ಯಂತ್ರ ಹೊಲಿಗೆ ಬಿಟ್ಟಲ್ಲೆಲ್ಲ ಹಿಂದೆ ಬಂದು ಮತ್ತೆ ಹೊಲಿದಳು. ಕೊನೆಯ ಅಂಗಿಗೆ ಗುಂಡಿ ಹಾಕಿ, ಬಟ್ಟೆಗಳನ್ನು ಕೊಡಬೇಕಾದವರಿಗೆ ಕೊಟ್ಟು, ಮುಖಕ್ಕೆ ನೀರು ಹಾಕಿಕೊಂಡು ಹೆಚ್ಚುಕಡಿಮೆ ಓಡಿಯೇ ಹೋದಳು.

ಗ್ರಂಥಾಲಯದ ಮೆಟ್ಟಿಲ ಮೇಲೆ ಜನ ಎದುರಾದರು. ಎಲ್ಲರೂ ಹೊರಗೆ ಬರುತ್ತಿದ್ದರು. ಒಬ್ಬಳು ತಾಯಿ ಮಗನಿಗೆ ಹೇಳುತ್ತಿದ್ದಳು, "ಎಷ್ಟು ಚೆನ್ನಾಗಿತ್ತಲ್ವಾ?"

ಹಾಲ್‌ನಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಮೂಲೆಯಲ್ಲಿ ಒಬ್ಬ ವಯಸ್ಸಾದ ಬಡಗಿ ಮರದ ತುಂಡುಗಳನ್ನು ಬಿಚ್ಚಿ ಪೆಟ್ಟಿಗೆಗೆ ಇಡುತ್ತಿದ್ದ. ಮೊಳದುದ್ದದ ಮರದ ಸೂಜಿಯೊಂದು ಗೋಣಿಚೀಲದ ಮೇಲೆ ಮಲಗಿತ್ತು. ಅಕ್ಕ ಅದನ್ನು ನೋಡುತ್ತ ಬಾಗಿಲಲ್ಲೇ ನಿಂತಳು. ಇಷ್ಟು ವರ್ಷ ಕಾದದ್ದು ಇಷ್ಟರಲ್ಲೇ ತಪ್ಪಿಹೋಯಿತಲ್ಲ ಎನಿಸಿತು. ಬಂದ ದಾರಿಯಲ್ಲೇ ಸದ್ದಿಲ್ಲದೆ ತಿರುಗಿದಳು.

"ಅಕ್ಕಾ!" ಇಂಜಿನಿಯರಮ್ಮ ಕುರ್ಚಿ ಬಿಟ್ಟು ಓಡಿ ಬಂದಳು. "ಎಲ್ಲಿಗೆ ಹೊರಟ್ರಿ?"

"ಮುಗೀತಲ್ಲ. ಇನ್ನೊಂದ್ಸಲ ಬರ್ತೀನಿ ಬಿಡಿ."

ಬಡಗಿ ತಲೆಯೆತ್ತಿ ನೋಡಿದ. ಅವನು ಇಂಜಿನಿಯರ್ ಅಲ್ಲ. ಒಕ್ಕೂಟದಿಂದ ಬಂದ ಚಿತ್ರ ನೋಡಿ ಮಾದರಿ ಕೆತ್ತಿಕೊಟ್ಟವನು, ಅವನೂ ಸ್ವಯಂಸೇವಕನೇ. ಏನನ್ನೂ ಕೇಳದೆ ಪೆಟ್ಟಿಗೆಯಿಂದ ತುಂಡುಗಳನ್ನು ಮತ್ತೆ ಹೊರಗೆ ತೆಗೆಯತೊಡಗಿದ.

"ಬೇಡಪ್ಪ, ನನ್ನೊಬ್ಬಳಿಗೋಸ್ಕರ..." ಎಂದಳು ಅಕ್ಕ.

"ನೂರು ಜನ ಬಂದ್ರೂ ನೋಡೋದು ಒಬ್ಬೊಬ್ಬರೇ ಅಲ್ವೇನಮ್ಮ? ಬಾ, ಈ ಚಕ್ರ ಹಿಡ್ಕೋ."

ಅಕ್ಕ ಚಕ್ರ ಹಿಡಿದಳು. ಮೆಲ್ಲಗೆ ತಿರುಗಿಸಿದಳು. ದಾರದ ಬದಲು ಹಗ್ಗ ಪೋಣಿಸಿದ್ದ ಸೂಜಿ ಕೆಳಗಿಳಿಯಿತು. ತಳ ಮುಟ್ಟಿತು.

"ಈಗ ನಿಧಾನ" ಎಂದಳು ಇಂಜಿನಿಯರಮ್ಮ. "ಸೂಜಿ ಮೇಲೆ ಹೊರಡ್ತಿದೆ. ಹಗ್ಗ ಅದರಷ್ಟು ಬೇಗ ಮೇಲೇಳಲ್ಲ. ಏನಾಯ್ತು ನೋಡಿ."

ಸೂಜಿಯ ಬೆನ್ನಿಗೆ ಹಗ್ಗ ಸಣ್ಣದಾಗಿ ಉಬ್ಬಿತು. ಕುಡುಗೋಲಿನಂಥ ಒಂದು ಕೊಕ್ಕೆ ಸುತ್ತಿ ಬಂದು ಆ ಉಬ್ಬಿನೊಳಗೆ ಮೂತಿ ತೂರಿಸಿತು. ಹಗ್ಗವನ್ನು ಅಗಲಿಸಿ, ಬಾಬಿನ್‌ನ ಸುತ್ತ ಒಯ್ದು, ಆಚೆ ಬದಿಯಲ್ಲಿ ಬಿಟ್ಟುಬಿಟ್ಟಿತು. ಮೇಲೆ ಏರಿಳಿಯುವ ಒಂದು ಕಡ್ಡಿ ಹಗ್ಗವನ್ನು ಬಿಗಿಯಾಗಿ ಎಳೆದುಕೊಂಡಿತು. ಹೊಲಿಗೆ ಬಿತ್ತು.

"ಕೆಳಗಿನ ದಾರ ಕೂತಲ್ಲೇ ಕೂತಿರತ್ತೆ" ಎಂದಳು ಅಕ್ಕ, ತನಗೇ ಹೇಳಿಕೊಳ್ಳುವಂತೆ. "ಮೇಲಿನದೇ ಅದನ್ನ ಸುತ್ಕೊಂಡು ಬರತ್ತೆ."

"ಹೌದು ಅಕ್ಕಾ. ಅಷ್ಟೇ."

"ಅಷ್ಟೇನಾ?" ಅಕ್ಕ ಇನ್ನೊಮ್ಮೆ ತಿರುಗಿಸಿದಳು. ಮತ್ತೂ ಒಮ್ಮೆ. ಕಣ್ಣಿಂದ ನೀರಿಳಿಯುತ್ತಿತ್ತು. ಒರೆಸಲು ಚಕ್ರದಿಂದ ಕೈ ತೆಗೆಯಲು ಮನಸ್ಸಾಗಲಿಲ್ಲ. "ಇಷ್ಟನ್ನ ಹೇಳೋಕೆ ಯಾರಿಗೂ ಪುರುಸೊತ್ತಿರಲಿಲ್ಲ ನೋಡಿ."

ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡು ಕೇಳಿದಳು, "ಸೂಜಿ ಒಂಚೂರು ಬಾಗಿದ್ರೆ? ಕೊಕ್ಕೆಗೆ ಆ ಉಬ್ಬು ಸಿಕ್ಕೋದೇ ಇಲ್ಲ ಅಲ್ವಾ?"

"ಸಿಗಲ್ಲ. ಆಗ ಹೊಲಿಗೆ ಬಿಡತ್ತೆ."

ಬಾಗಿಲ ಬಳಿ ಯಾರೋ ಕೆಮ್ಮಿದರು. ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದ ಡ್ರೈವರ್! ಯಾವಾಗ ಬಂದನೋ, ಕೈಕಟ್ಟಿ ನಿಂತು ನೋಡುತ್ತಿದ್ದ. ಮಿಕ್ಸರ್ ಎಲ್ಲೂ ಕಾಣದೆ ಸ್ವಲ್ಪ ನಿರಾಸೆಯಾದಂತಿತ್ತು.

"ಬಸ್ಸಿನ ಸ್ಟೀರಿಂಗಿನದ್ದೂ ಇದೆಯಾ?" ಎಂದ, ಸುಮ್ಮನೆ ಕೇಳಿದವನಂತೆ.

"ಇದೆ ಅಣ್ಣ. ನೀವೇ ಹೇಳಿ, ತಿರುವಿನಲ್ಲಿ ಮುಂದಿನ ಎರಡು ಚಕ್ರನೂ ಒಂದೇ ಸಮ ತಿರುಗ್ತವಾ?"

"ಮತ್ತೆ? ಒಂದೇ ಸ್ಟೀರಿಂಗು, ಒಂದೇ ಸಮ."

ಬಡಗಿ ಇನ್ನೊಂದು ಪೆಟ್ಟಿಗೆ ತೆರೆದು ಪುಟ್ಟ ಮರದ ಗಾಡಿ ಇಟ್ಟ. ಡ್ರೈವರ್ ಅದರ ಸ್ಟೀರಿಂಗ್ ತಿರುಗಿಸಿದ. ತಿರುವಿನ ಒಳಬದಿಯ ಚಕ್ರ ಹೆಚ್ಚು ತಿರುಗಿತು, ಹೊರಬದಿಯದು ಕಡಿಮೆ. ಅವನು ಬಗ್ಗಿ ನೋಡಿದ. ಆಮೇಲೆ ನೆಲದ ಮೇಲೆ ಕೂತೇಬಿಟ್ಟ.

"ಒಳಗಿನ ಚಕ್ರದ ಸುತ್ತು ಚಿಕ್ಕದು... ಅದಕ್ಕೇನಾ? ಇಷ್ಟು ವರ್ಷ ನಾನೇ ಓಡಿಸ್ತಿದೀನಲ್ಲ ಮಾರಾಯ್ರೇ!"

ಮನೆಗೆ ಬಂದವಳೇ ಅಕ್ಕ ಯಂತ್ರದ ಸೂಜಿ ಕಳಚಿ ಗಾಜಿನ ಮೇಲಿಟ್ಟು ನೋಡಿದಳು. ಕೂದಲೆಳೆಯಷ್ಟು ಬಾಗಿತ್ತು. ಹೊಸ ಸೂಜಿ ಹಾಕಿದಳು. ಹೊಲಿಗೆ ಒಂದೇ ಸಮನೆ ಬಿತ್ತು. ಇಂಜಿನಿಯರಮ್ಮನ ಜೇಬಿಗೆ ಎರಡು ಸಾಲು ಹೆಚ್ಚೇ ಹೊಲಿದಳು.

ಅಂಗಿ ಒಯ್ಯಲು ಬಂದಾಗ ಇಂಜಿನಿಯರಮ್ಮ ಕೇಳಿದಳು, "ಮುಂದಿನ ಸಲ ಹೊಲಿಗೆ ಮಾಡೋ ಹೆಂಗಸರನ್ನೇ ಕರೀತಿದೀವಿ. ನೀವೇ ತೋರಿಸ್ತೀರಾ ಅಕ್ಕಾ?"

"ನಾನಾ? ನಾನೇನು ಓದಿದೀನಿ ಅಂತ?"

"ನೀವು ನೋಡಿದ್ದನ್ನ ಹೇಳಿ. ಗೊತ್ತಿಲ್ಲದ್ದು ಬಂದ್ರೆ ಪಕ್ಕದಲ್ಲೇ ನಾನಿರ್ತೀನಿ."

ಅಕ್ಕ ಗಂಡನತ್ತ ನೋಡಿದಳು. "ಹೋಗು" ಎಂದ ಅವನು. "ಅವತ್ತು ಪೆಟ್ಟಿಗೆ ಹೊರೋಕೆ ನಾನೂ ಬರ್ತೀನಿ."

ಆ ದಿನ ಹಾಲ್ ತುಂಬಿತ್ತು. ಮೊದಲ ಮಾತು ಹೇಳುವಾಗ ಅಕ್ಕ ತಡವರಿಸಿದಳು. ಚಕ್ರಕ್ಕೆ ಕೈಯಿಟ್ಟ ಮೇಲೆ ಮಾತು ತಾನಾಗಿ ಬಂತು. ಒಬ್ಬೊಬ್ಬರಾಗಿ ಹೆಂಗಸರು ಬಂದು ತಿರುಗಿಸಿದರು, ಕೇಳಿದರು, ನಕ್ಕರು, ಹೊರಟರು.

ಎಲ್ಲರೂ ಹೋದ ಮೇಲೂ ಒಬ್ಬಳು ಮಾತ್ರ ಮಾದರಿಯ ಮುಂದೆ ಕೂತಿದ್ದಳು. ಅದು ಅತ್ತೆ. ಸೊಸೆಯ ಆಟ ನೋಡುತ್ತೇನೆಂದು ತಮಾಷೆ ಮಾಡಿಕೊಂಡೇ ಬಂದಿದ್ದಳು. ಈಗ ಚಕ್ರವನ್ನು ತಿರುಗಿಸುತ್ತಲೇ ಇದ್ದಳು. ಹಗ್ಗ ಉಬ್ಬಿದಾಗ ನಿಲ್ಲಿಸುವಳು, ಕೊಕ್ಕೆಯನ್ನು ಬೆರಳಿನಿಂದ ಮುಟ್ಟುವಳು.

"ಅತ್ತೆ, ಹೋಗೋಣ್ವಾ?"

"ಮಿಲ್ಲಲ್ಲಿ ನನಗೂ ಕೇಳ್ಬೇಕು ಅನ್ಸಿತ್ತು ಕಣೇ" ಎಂದಳು ಅಜ್ಜಿ, ತಲೆಯೆತ್ತದೆ. "ಯಾರನ್ನ ಕೇಳೋದು ಹೇಳು? ಆಗ ನಿನ್ನಂಥವಳೊಬ್ಬಳು ಇದ್ದಿದ್ರೆ..." ಮತ್ತೆ ಚಕ್ರಕ್ಕೆ ಕೈ ಹಾಕಿದಳು. "ಇರು, ಇನ್ನೊಂದ್ಸಲ ತಿರುಗಿಸ್ತೀನಿ."

ಅಕ್ಕ ಕುರ್ಚಿ ಎಳೆದುಕೊಂಡು ಅತ್ತೆಯ ಪಕ್ಕ ಕೂತಳು. ಬಡಗಿ ಪೆಟ್ಟಿಗೆ ಮುಚ್ಚದೆ ಕಾದ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಹೀಗೊಂದು ಪ್ರಶ್ನೆ ಇದ್ದೀತು. ಲಿಫ್ಟಿನದೋ, ಗಡಿಯಾರದ್ದೋ, ನೀರೆತ್ತುವ ಪಂಪಿನದೋ. ನಿಮ್ಮೂರಿನ ಗ್ರಂಥಾಲಯದಲ್ಲಿ, ಶಾಲೆಯಲ್ಲಿ ಇಂಥ ಸ್ವಯಂಸೇವಕರು ಬಂದರೆ ಹೋಗಿ ಕೇಳಿ. ತಡವಾಯಿತೆಂದು ಬಾಗಿಲಿಂದ ಹಿಂದಿರುಗಬೇಡಿ. ಬಂದಿಲ್ಲವೆಂದರೆ ಹತ್ತಿರದ ಇಂಜಿನಿಯರುಗಳ ಸಂಘದವರನ್ನು ನೀವೇ ಕರೆಯಿರಿ. ನಿಮಗೆ ಒಂದು ಯಂತ್ರದ ಒಳಗು ಗೊತ್ತಿದ್ದರೆ, ವಾರಕ್ಕೊಂದು ಮಧ್ಯಾಹ್ನ ಬಿಡುವಿದ್ದರೆ, ನೀವೂ ಅವರ ಜೊತೆ ಸೇರಿ. ನಿಮ್ಮ ಮನೆಯಲ್ಲೇ ಒಬ್ಬರು ಕೇಳಬೇಕೆಂದು ಬಹಳ ಕಾಲದಿಂದ ಕಾದಿರಬಹುದು. ಇವತ್ತೇ ಅವರ ಪಕ್ಕ ಒಂದು ಕುರ್ಚಿ ಎಳೆದು ಕೂತುಕೊಳ್ಳಿ.