ಲಿಫ್ಟಿಗೆ ಕಳಿಸಿದ ಮೆಸೇಜು

ಮೊಬೈಲ್ ಕಂಪನಿಯ ಅಂಗಡಿಯಲ್ಲಿ ಪುಟ್ಟಿಯ ಕೆಲಸ ಎರಡು ಫೋನುಗಳ ಓಟ ತೋರಿಸುವುದು. ಒಂದರಲ್ಲಿ ತಮ್ಮ ಕಂಪನಿಯ ಹೊಸ ನೆಟ್‌ವರ್ಕು, ಇನ್ನೊಂದರಲ್ಲಿ ಎದುರು ಅಂಗಡಿಯವರದು. ಎರಡಕ್ಕೂ ಒಂದೇ ಸಿನಿಮಾ ಇಳಿಸಲು ಹಾಕಿದರೆ ತಮ್ಮದು ಮುಗಿದು ಹಾಡು ಶುರುವಾಗಿದ್ದರೂ ಅವರದು ಇನ್ನೂ ಗಿರಗಿರ ಸುತ್ತುತ್ತಲೇ ಇರುತ್ತಿತ್ತು. ಓಟ ಮುಗಿದ ಮೇಲೆ ಕಂಪನಿಯವರು ಕಲಿಸಿಕೊಟ್ಟ ಮಾತನ್ನು ಅವಳು ಒಪ್ಪಿಸುತ್ತಿದ್ದಳು. ಬರೀ ಮಾತಿಗೆ, ಸಣ್ಣ ಮೆಸೇಜಿಗೆ ಅಂತ ಇದ್ದ ಹಳೇ ನೆಟ್‌ವರ್ಕನ್ನು ನಾವು ಮುಚ್ಚಿದ್ದೇವೆ, ಆ ಜಾಗವನ್ನೆಲ್ಲ ಹೊಸದಕ್ಕೆ ಬಿಟ್ಟುಕೊಟ್ಟಿದ್ದೇವೆ. ಎದುರಿನವರು ಇನ್ನೂ ಹಳೇದನ್ನೇ ಕಟ್ಟಿಕೊಂಡು ಕೂತಿದ್ದಾರೆ, ಅದಕ್ಕೇ ಈ ಗತಿ. ಮುಚ್ಚಿದ್ದರಿಂದ ಯಾರಿಗೂ ಏನೂ ನಷ್ಟವಿಲ್ಲ ಅನ್ನುವುದು ಕೊನೇ ಮಾತು. ಅವಳೂ ಅದನ್ನು ನಂಬಿದ್ದಳು.

ಅವಳನ್ನು ಸಾಕಿ ಬೆಳೆಸಿದ್ದು ಚಿಕ್ಕಮ್ಮ. ಕಿಟಕಿ ಪರದೆ ಹೊಲಿಯುವುದು ಚಿಕ್ಕಮ್ಮನ ಕಸುಬು. ಕತ್ತರಿಗಿಂತ ನಾಲಿಗೆ ಹರಿತ ಅಂತ ಗಿರಾಕಿಗಳೇ ಹೇಳುವರು, ಆದರೂ ಬೇರೆಯವರ ಹತ್ತಿರ ಹೋಗುತ್ತಿರಲಿಲ್ಲ. ಒಂದು ರಜಾದಿನ ಮಧ್ಯಾಹ್ನ ಚಿಕ್ಕಮ್ಮ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಪರದೆ ತೂಗುಹಾಕಲು ಹೋದಳು. ಕ್ಲಿನಿಕ್ಕು ಆಫೀಸುಗಳೇ ತುಂಬಿದ ಕಟ್ಟಡದ ಮೇಲಿನ ಮಹಡಿಯಲ್ಲಿ. ಬೀಗದ ಕೈ ಡಾಕ್ಟರೇ ಕೊಟ್ಟಿದ್ದರು. ಕಟ್ಟಡ ಬಿಕೋ ಅನ್ನುತ್ತಿತ್ತು, ಕಾವಲುಗಾರ ದೂರದ ಗೇಟಿನಲ್ಲಿದ್ದ. ಹೆಗಲ ಮೇಲೆ ಬಟ್ಟೆಯ ಹೊರೆ ಹೊತ್ತು ಲಿಫ್ಟು ಹತ್ತಿದಳು. ಅದು ಎರಡು ಮಹಡಿಗಳ ನಡುವೆ ಗಕ್ಕನೆ ನಿಂತುಬಿಟ್ಟಿತು.

ಗುಂಡಿಗಳ ಕೆಳಗೆ ಗಂಟೆಯ ಚಿತ್ರವಿದ್ದ ಒಂದು ಗುಂಡಿಯಿತ್ತು. ಒತ್ತಿದರೆ ಲಿಫ್ಟು ಕಂಪನಿಯವರ ಜೊತೆ ಮಾತಾಡಬಹುದು ಅಂತ ಪಕ್ಕದಲ್ಲೇ ಬರೆದಿತ್ತು. ಒತ್ತಿದಳು. ಒಳಗೆಲ್ಲೋ ಗುಂಯ್ ಅಂದು ಸುಮ್ಮನಾಯಿತು. ಮತ್ತೆ ಒತ್ತಿದಳು, ಅದೇ ಕಥೆ. ತನ್ನ ಫೋನು ತೆಗೆದಳು. ಪುಟ್ಟಿಯೇ ಕೊಡಿಸಿದ ಹೊಸ ಫೋನು, ಹೊಸ ನೆಟ್‌ವರ್ಕು. ಆ ಉಕ್ಕಿನ ಪೆಟ್ಟಿಗೆಯೊಳಗೆ ಅದಕ್ಕೆ ಒಂದು ಗೆರೆ ಸಿಗ್ನಲ್ಲೂ ಸಿಗಲಿಲ್ಲ. ಕೂಗಿದಳು, ಬಾಗಿಲು ಗುದ್ದಿದಳು. ಗಂಟಲು ಕಟ್ಟಿತೇ ಹೊರತು ಯಾರೂ ಬರಲಿಲ್ಲ.

ಎಷ್ಟು ಸಲ ಫೋನು ಮಾಡಿದರೂ ಸಿಗದಿದ್ದಾಗ ಪುಟ್ಟಿ ಸಂಜೆ ಡಾಕ್ಟರಿಗೆ ಫೋನು ಮಾಡಿ, ಅವರನ್ನೂ ಕರೆದುಕೊಂಡು ಕಟ್ಟಡಕ್ಕೆ ಓಡಿದಳು. ಮೆಕ್ಯಾನಿಕ್ಕು ಬಂದು ಬಾಗಿಲು ತೆಗೆದಾಗ ಚಿಕ್ಕಮ್ಮ ಒಂದು ಪರದೆಯನ್ನು ಮುದ್ದೆಮಾಡಿ ಎದೆಗವಚಿಕೊಂಡು ನಿಂತಿದ್ದಳು. ಇಡೀ ಕಟ್ಟಡಕ್ಕೆ ಕೇಳುವಂತೆ ಬೈಯಬೇಕಾಗಿದ್ದವಳು ಯಾರ ಮುಖವನ್ನೂ ನೋಡಲಿಲ್ಲ. ಮನೆಗೆ ಹೋಗೋಣ ಅಂದಳು, ಅಷ್ಟೇ.

ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ಆ ಪರದೆಯನ್ನು ನೆನೆಹಾಕಿ ತಿಕ್ಕತೊಡಗಿದಳು. ಇನ್ನೂ ಕಿಟಕಿಯನ್ನೇ ಕಾಣದ ಹೊಸ ಪರದೆ. ಯಾಕೆ ಅಂತ ಕೇಳಲು ಹೋದ ಪುಟ್ಟಿಗೆ ಬಾಗಿಲಲ್ಲೇ ವಾಸನೆ ಬಡಿದು ಅರ್ಥವಾಯಿತು.

"ಬಾಗಿಲು ಎಳಕೊಂಡು ಹೋಗು," ಅಂದಳು ಚಿಕ್ಕಮ್ಮ, ತಿರುಗಿ ನೋಡದೆ.

ಮರುದಿನ ಪುಟ್ಟಿ ಆ ಕಟ್ಟಡಕ್ಕೆ ಹೋದಾಗ ಮೆಕ್ಯಾನಿಕ್ಕು ಗಂಟೆ ಗುಂಡಿಯ ಹಿಂದಿನ ಡಬ್ಬಿ ಬಿಚ್ಚಿಟ್ಟಿದ್ದ. ಅದರೊಳಗೊಂದು ಸಿಮ್ಮು. ಪುಟ್ಟಿಯ ಕಂಪನಿಯದೇ. ಡಬ್ಬಿಗೆ ಹಳೇ ನೆಟ್‌ವರ್ಕು ಬಿಟ್ಟು ಬೇರೆ ಭಾಷೆ ಗೊತ್ತಿಲ್ಲ, ಅದನ್ನು ನಿಮ್ಮವರು ಮುಚ್ಚಿದ ದಿನವೇ ಇದು ಮೂಕವಾಗಿದೆ ಅಂತ ಅವನು ಹೇಳಿದ. ಪುಟ್ಟಿಗೆ ನಂಬಲಾಗಲಿಲ್ಲ. ತನ್ನ ಫೋನು ಹಿಡಿದು ಲಿಫ್ಟಿನೊಳಗೆ ನಿಂತು ಬಾಗಿಲು ಹಾಕಿಸಿಕೊಂಡಳು. ಸಿಗ್ನಲ್ಲು ಸತ್ತಿತು. ಮೆಕ್ಯಾನಿಕ್ಕನ ಹತ್ತಿರ ಎದುರು ಕಂಪನಿಯ ಹಳೇ ನೆಟ್‌ವರ್ಕಿನ ಗುಂಡಿ ಫೋನಿತ್ತು. ತನ್ನ ಫೋನನ್ನು ಅವನ ಕೈಗಿಟ್ಟು, ಅದನ್ನು ಹಿಡಿದು ಮತ್ತೆ ನಿಂತಳು; ಅವನು ಹೊರಗಿನಿಂದ ಫೋನು ಮಾಡಿದ್ದೇ ಠಣ್ ಅಂತ ರಿಂಗಾಯಿತು. ಹೊಸದು ಬಯಲಲ್ಲಿ ಕುದುರೆ, ಗೋಡೆ ಕಂಡರೆ ಕತ್ತೆ; ಹಳೇದು ಆಮೆ, ಆದರೂ ಹೇಗೋ ತೂರಿಕೊಂಡು ಬರುತ್ತೆ ಅಂತ ಅವನು ನಕ್ಕ. ದಿನವೂ ಓಟ ತೋರಿಸುವ ಪುಟ್ಟಿಗೆ ನಗು ಬರಲಿಲ್ಲ.

ನೆಟ್ಟಗೆ ಅಂಗಡಿಗೆ ಬಂದು ಮ್ಯಾನೇಜರಿಗೆ ಎಲ್ಲ ಹೇಳಿದಳು. ಮುಚ್ಚುವ ಮೊದಲೇ ಎಲ್ಲ ಗ್ರಾಹಕರಿಗೂ ತಿಳಿಸಿದ್ದೇವಲ್ಲ ಅಂದರು ಅವರು. ಡಬ್ಬಿಯ ಸಿಮ್ಮಿನ ನಂಬರು ಕೊಟ್ಟಳು. ಕಂಪ್ಯೂಟರಿನಲ್ಲಿ ಹುಡುಕಿದ ಅವರ ಮುಖ ಅರಳಿತು.

"ನೋಡಮ್ಮ, ಈ ನಂಬರಿಗೂ ಮೆಸೇಜ್ ಹೋಗಿದೆ. ತಲುಪಿದೆ ಅಂತಾನೂ ಇದೆ."

"ಸರ್, ಆ ನಂಬರ್ ಇರೋದು ಲಿಫ್ಟಿನ ಗೋಡೆ ಒಳಗೆ. ಅಲ್ಲಿ ಯಾರು ಓದ್ತಾರೆ?"

"ಅದು ನಮ್ಮ ತಲೆನೋವಲ್ಲ."

ಹಾಗಾದರೆ ಯಾರದ್ದು ಅಂತ ಪುಟ್ಟಿ ಕೇಳುತ್ತ ಹೋದಳು. ಸಿಮ್ಮು ಹಾಕಿದವರು ಲಿಫ್ಟಿನವರು, ಅವರನ್ನು ಕೇಳಿ ಅಂದರು ಕಟ್ಟಡದವರು. ಲಿಫ್ಟು ಚೆನ್ನಾಗೇ ಇದೆ, ನೆಟ್‌ವರ್ಕಿಲ್ಲದಿದ್ದರೆ ನಾವೇನು ಮಾಡೋಣ ಅಂದರು ಲಿಫ್ಟಿನವರು. ಚೆನ್ನಾಗಿರುವ ಲಿಫ್ಟು ನಡುವೆ ಯಾಕೆ ನಿಂತಿತು ಅಂತ ಕೇಳಿದ್ದಕ್ಕೆ ಫೋನಿಟ್ಟರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಲ್ಲರೂ ನುಣುಚಿಕೊಂಡರು. ಕಂಪನಿಯಿಂದ ಚಿಕ್ಕಮ್ಮನ ಫೋನಿಗೆ ಒಂದು ಮೆಸೇಜು ಬಂತು: ನಿಮಗಾದ ಅಲ್ಪ ಅನನುಕೂಲಕ್ಕೆ ವಿಷಾದಿಸುತ್ತೇವೆ, ಒಂದು ತಿಂಗಳ ಡೇಟಾ ಉಚಿತ.

ಚಿಕ್ಕಮ್ಮ ಆವರೆಗೆ ಆ ದಿನದ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಆ ಮೆಸೇಜನ್ನು ಎರಡು ಸಲ ಓದಿ, ಸೀರೆ ಬದಲಾಯಿಸಿಕೊಂಡು ಅಂಗಡಿಗೆ ಬಂದಳು. ಗಿರಾಕಿಗಳು ತುಂಬಿದ್ದ ಹೊತ್ತು. ಪುಟ್ಟಿ ಓಟ ಶುರುಮಾಡುವುದರಲ್ಲಿದ್ದಳು. ಮ್ಯಾನೇಜರು ಕುರ್ಚಿ ಕೊಟ್ಟರು, ಚಿಕ್ಕಮ್ಮ ಕೂರಲಿಲ್ಲ.

"ಅಲ್ಪ ಅನನುಕೂಲ ಅಂತ ಬರೆಸಿದ್ದೀರಲ್ಲ, ಅದೇನು ಅಂತ ಗೊತ್ತಾ ನಿಮಗೆ?" ಅವಳ ದನಿ ಏರಲಿಲ್ಲ. "ನಾನು ಹೊಲಿದ ಪರದೇನ ನಾನೇ ನೆಲಕ್ಕೆ ಹಾಸಿ ಅದರ ಮೇಲೆ ಉಚ್ಚೆ ಹೊಯ್ದೆ. ಈ ವಯಸ್ಸಲ್ಲಿ. ಬಾಗಿಲು ಯಾವ ಗಳಿಗೇಲಿ ತೆರೆಯುತ್ತೋ, ಆಚೆ ಯಾರು ನಿಂತಿರ್ತಾರೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು. ಅದಕ್ಕೆ ನೀವು, ತಗೋ ಸಿನಿಮಾ ನೋಡು ಅಂತೀರಾ?"

ಮ್ಯಾನೇಜರು ಅವಳ ಕಡೆ ನೋಡಲಾರದೆ ಪುಟ್ಟಿಯ ಕಡೆ ತಿರುಗಿ, ನಿಮ್ಮವರನ್ನು ಹೊರಗೆ ಕರೆದುಕೊಂಡು ಹೋಗು ಅಂದರು.

ಪುಟ್ಟಿ ಎರಡು ಫೋನುಗಳನ್ನೂ ಬೋರಲು ಹಾಕಿದಳು.

"ಇವರು ನಮ್ಮ ಚಿಕ್ಕಮ್ಮ," ಅಂತ ಗಿರಾಕಿಗಳಿಗೆ ಹೇಳಿದಳು. "ಹಳೇದು ಮುಚ್ಚಿದ್ರೆ ಯಾರಿಗೂ ನಷ್ಟ ಇಲ್ಲ ಅಂತ ನಿಮಗೆಲ್ಲ ಹೇಳಿದವಳು ನಾನು. ಸುಳ್ಳು. ನಿಮ್ಮ ನಿಮ್ಮ ಕಟ್ಟಡದ ಲಿಫ್ಟಲ್ಲಿ ಆ ಗುಂಡಿ ಒತ್ತಿ ನೋಡಿ. ಇವತ್ತೇ ನೋಡಿ."

ಒಬ್ಬ ಹೆಂಗಸು ಅಲ್ಲೇ ಯಾರಿಗೋ ಫೋನು ಹಚ್ಚಿದಳು. ಸಾಲಿನಲ್ಲಿದ್ದ ಕೆಲವರು ಹೊರಟುಹೋದರು. ಉಳಿದವರು ತಮ್ಮ ಸರದಿ ಬಿಡಲಿಲ್ಲ.

ಸಂಜೆಯೊಳಗೆ ಪುಟ್ಟಿಯನ್ನು ಹಿಂದಿನ ಗೋದಾಮಿಗೆ ಹಾಕಿದರು. ಓಟ ತೋರಿಸಲು ಬೇರೆ ಹುಡುಗಿ ಬಂದಳು. ಯಾರಿಗೂ ನಷ್ಟವಿಲ್ಲ ಅನ್ನುವ ಮಾತನ್ನು ಮಾತ್ರ ಅವಳಿಗೆ ಕಲಿಸಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅಂತ ಚಿಕ್ಕಮ್ಮ ಕುಟುಕಿದಳು. ಕಟ್ಟಡದವರು ಡಬ್ಬಿಗೆ ಎದುರು ಕಂಪನಿಯ ಸಿಮ್ಮು ಹಾಕಿಸಿದರು. ಆ ಕಂಪನಿಯೂ ಹಳೇದನ್ನು ಮುಂದೆಂದೋ ಮುಚ್ಚುವುದಾಗಿ ಹೇಳಿದೆ. ಆಗ ಯಾರ ತಲೆನೋವು ಅನ್ನುವುದಕ್ಕೆ ಈಗಲೂ ಉತ್ತರವಿಲ್ಲ.

ಚಿಕ್ಕಮ್ಮ ಡಾಕ್ಟರಿಗೆ ಬೇರೆ ಪರದೆ ಹೊಲಿದಳು. ತೂಗುಹಾಕಲು ಪುಟ್ಟಿಯೂ ಜೊತೆಗೆ ಹೋದಳು. ಚಿಕ್ಕಮ್ಮ ಲಿಫ್ಟಿನ ಕಡೆ ತಲೆಯೆತ್ತಿಯೂ ನೋಡದೆ ಮೆಟ್ಟಿಲು ಹತ್ತಿದಳು. ಮೂರನೇ ಮಹಡಿಯಲ್ಲಿ ಏದುಸಿರು ಬಂದು ಹೊರೆಯನ್ನು ಪುಟ್ಟಿಯ ತೋಳಿಗೆ ಹಾಕಿದಳು.

"ಗೋದಾಮಲ್ಲಿ ಕೂರೋಕೆ ಕುರ್ಚಿ ಕೊಟ್ಟಿದ್ದಾರಾ?"

"ಇಲ್ಲ, ಖಾಲಿ ಡಬ್ಬದ ಮೇಲೆ ಕೂರ್ತೀನಿ."

"ನಾಳೆ ಬಂದು ಕೇಳ್ತೀನಿ," ಅಂದು ಚಿಕ್ಕಮ್ಮ ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು.