ಐದು ಟೊಮೆಟೊ, ನಲವತ್ತೆರಡು ಮೆಟ್ಟಿಲು

ನರ್ಸಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿ ಐದು ವಾರವಾಗಿತ್ತು. ಮೂವತ್ತನಾಲ್ಕು ವರ್ಷ ಊರವರ ಸೊಂಟಕ್ಕೆಲ್ಲ ಸೂಜಿ ಚುಚ್ಚಿದ ಹೆಂಗಸು ಈಗ ತಾನೇ ರೋಗಿಯಾಗಿ, ವಾಕರ್ ಹಿಡಿದು ಅಡುಗೆಮನೆಗೂ ನಡುಮನೆಗೂ ಮಧ್ಯೆ ತೆವಳಿಕೊಂಡಿದ್ದರು. ಅದೇನೂ ಅಂಥ ದೊಡ್ಡ ಸಂಕಟವಲ್ಲ. ಅವರ ಸಂಕಟವಿದ್ದದ್ದು ತಾರಸಿಯ ಮೇಲಿನ ಒಂದು ಕುಂಡದಲ್ಲಿ.

ಆ ಕುಂಡದಲ್ಲಿ ಒಂದು ಟೊಮೆಟೊ ಗಿಡ, ಗಿಡದಲ್ಲಿ ಐದು ಕಾಯಿ. ಬೀಜ ಕೊಟ್ಟವರು ಆಸ್ಪತ್ರೆಯ ಹಳೆಯ ಕಾಂಪೌಂಡರು. ನಿವೃತ್ತಿಯಾದ ಮೇಲೆ ಹೊಸ ಹೊಸ ತಳಿಯ ಹುಚ್ಚು ಹತ್ತಿಸಿಕೊಂಡವರು, ನರ್ಸಮ್ಮನಿಗೂ ಅದನ್ನೇ ಅಂಟಿಸಿದವರು. ಕರಿ ಟೊಮೆಟೊ, ಪಟ್ಟೆ ಟೊಮೆಟೊ, ಗೊಂಚಲು ಗೊಂಚಲಾಗಿ ಬಿಡುವ ಹಳದಿ ಟೊಮೆಟೊ, ಎಲ್ಲ ಆಗಿಹೋಗಿದ್ದವು. ಈ ಸಲದ್ದು ಅವನ್ನೆಲ್ಲ ಮೀರಿಸಿದ್ದು: ಹಣ್ಣಾದರೂ ಕೆಂಪಾಗದೆ ಹಸಿರಾಗಿಯೇ ಉಳಿಯುವ ಜಾತಿ. ಕೊಟ್ಟದ್ದು ನಾಲ್ಕು ಬೀಜ, ಬದುಕಿದ್ದು ಒಂದು ಗಿಡ. ಆಮೇಲೆ ಕಾಂಪೌಂಡರ ತೋಟಕ್ಕೆ ರೋಗ ಬಡಿದು ಅವರ ಹತ್ತಿರ ಆ ತಳಿಯೇ ಇಲ್ಲವಾಯಿತು. "ಇನ್ನು ನಿಮ್ಮ ಗಿಡಾನೇ ಗತಿ ಸಿಸ್ಟರ್" ಎಂದು ಫೋನಿನಲ್ಲಿ ಗದ್ಗದಿತರಾಗಿದ್ದರು.

ಇಷ್ಟಾದರೂ ನರ್ಸಮ್ಮ ಈ ಹಸಿರಿನ ಗುಟ್ಟನ್ನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಎಲ್ಲರನ್ನೂ ಕೂರಿಸಿ, ಹಸಿರು ಹಣ್ಣು ಕೊಯ್ದು ತಿನ್ನಿಸಿ, ಅವರು ಕಣ್ಣು ಕಣ್ಣು ಬಿಡುವುದನ್ನು ನೋಡಬೇಕೆಂಬ ಜಂಬ. ಆಸ್ಪತ್ರೆಗೆ ಹೊರಟ ದಿನ ಗಿಡವನ್ನು ಮೇಲಿನ ಮನೆಯ ತಮ್ಮನಿಗೆ ಒಪ್ಪಿಸಿದ್ದರು. ತಮ್ಮ ಬಸ್ಸು ಓಡಿಸಿ ನಿವೃತ್ತನಾದವನು. ಹೇಳಿದ ರೂಟು ಬಿಟ್ಟು ಒಂದು ಗೇಣು ಆಚೆ ಹೋಗುವವನಲ್ಲ.

"ದಿನಾ ನೀರು ಹಾಕು. ಹಣ್ಣಾದ ಮೇಲೆ ಕಿತ್ತು ತಂದುಕೊಡು. ಅಲ್ಲೀವರೆಗೂ ಕೈ ಹಚ್ಚಬೇಡ, ಹುಷಾರ್" ಎಂದಿದ್ದರು.

ಅಲ್ಲಿಂದ ಮುಂದೆ ಪ್ರತಿ ಸಂಜೆಯೂ ಅದೇ ಪ್ರಶ್ನೆ, ಮೊದಲು ಫೋನಿನಲ್ಲಿ, ಮನೆಗೆ ಬಂದ ಮೇಲೆ ಎದುರಿಗೇ. "ಹಣ್ಣಾಯ್ತೇನೋ?" "ಇನ್ನೂ ಇಲ್ಲಕ್ಕ."

ಒಂದು ಬೆಳಿಗ್ಗೆ ಹುರುಳಿಕಾಯಿ ಮುರಿಯುತ್ತ ಕೂತಿದ್ದಾಗ ನರ್ಸಮ್ಮನ ಎದೆ ಧಸಕ್ಕೆಂದಿತು. ಇಷ್ಟು ದಿನ ಹಣ್ಣಾಗದೆ ಇರುವ ಟೊಮೆಟೊ ಎಲ್ಲಿದೆ? ಆ ಪುಣ್ಯಾತ್ಮ ಕೆಂಪಾಗಲಿ ಅಂತ ಕಾಯುತ್ತಿದ್ದಾನೆ. ಫೋನು ಮಾಡಿದರೆ ಎತ್ತಲಿಲ್ಲ. ಎರಡು ದಿನದಿಂದ ಅವನು ಮುಖ ತೋರಿಸಿಲ್ಲವೆಂಬುದೂ ಆಗಲೇ ಹೊಳೆಯಿತು.

ಮಗಳು ಕೆಲಸಕ್ಕೆ ಹೋಗಿದ್ದಳು. ಮೂರು ಮೆಟ್ಟಿಲಿಗಿಂತ ಹೆಚ್ಚು ಹತ್ತಿದರೆ ನಾನು ನಿನ್ನ ಮಗಳೇ ಅಲ್ಲ ಎಂದು ಹೇಳಿಹೋಗಿದ್ದಳು. ತಾರಸಿಗೆ ನಲವತ್ತೆರಡು. ನರ್ಸಮ್ಮ ವಾಕರನ್ನು ಬಾಗಿಲಲ್ಲೇ ಬಿಟ್ಟು ಕಂಬಿ ಹಿಡಿದರು. ಒಳ್ಳೆಯ ಕಾಲು ಮೊದಲು, ಆಪರೇಷನ್ ಆದ ಕಾಲು ಆಮೇಲೆ. ಎಷ್ಟೋ ಜನರಿಗೆ ತಾವೇ ಗದರಿಸಿ ಕಲಿಸಿದ್ದ ಪಾಠ. ಹನ್ನೆರಡನೆಯ ಮೆಟ್ಟಿಲಿಗೆ ಬೆವರಿಳಿಯಿತು. ಇಪ್ಪತ್ತೊಂದಕ್ಕೆ ತಮ್ಮನ ಬಾಗಿಲು. ಬಡಿದರು. ತೆರೆದವನ ಮುಖ ಸುಟ್ಟ ಬದನೆಕಾಯಿಯಾಯಿತು.

"ಅಕ್ಕ, ನೀನು ಹತ್ತಬಾರ್ದು."

"ಹತ್ತಿ ಆಯ್ತು. ಹಿಂದೆ ಬಾ, ಬಿದ್ರೆ ಹಿಡ್ಕೋ."

ತಾರಸಿ ತಲುಪುವಾಗ ಜೀವ ಬಾಯಿಗೆ ಬಂದಿತ್ತು. ಗಿಡ ಹಸಿರಾಗಿ ನಿಂತಿತ್ತು, ಕಾಯಿ ಮಾತ್ರ ಒಂದೂ ಕಾಣಲಿಲ್ಲ. ತಮ್ಮ ನೆಲ ನೋಡುತ್ತ ಬಾಯಿ ಬಿಟ್ಟ. ಕಾಯಿ ಕೆಂಪಾಗಲಿಲ್ಲ, ಸ್ವಲ್ಪ ಹಳದಿಗೆ ತಿರುಗಿತು. ಏನೋ ಕಾಯಿಲೆ ಇರಬೇಕೆಂದು ಎರಡು ಪಟ್ಟು ನೀರು ಕೊಟ್ಟ. ಮೊನ್ನೆ ನಾಲ್ಕು ಒಡೆದು ಬಿದ್ದವು, ಐದನೆಯದು ಎಲ್ಲಿ ಹೋಯಿತೋ ಕಾಣಲಿಲ್ಲ. ಹೆದರಿ ಹಳೇ ಪೇಂಟ್ ಡಬ್ಬಿಗೆ ಹಾಕಿ ಮುಚ್ಚಿಟ್ಟ.

"ನಿನ್ನ ಕಾಯೆಲ್ಲ ಹಾಳುಮಾಡಿಬಿಟ್ಟೆ ಕಣಕ್ಕ."

ಬೈಗುಳ ನರ್ಸಮ್ಮನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಬೈಯಬೇಕಾದದ್ದು ಯಾರನ್ನು? "ನಿಂದೇನೂ ತಪ್ಪಿಲ್ಲ. ಅದು ಹಸಿರಲ್ಲೇ ಹಣ್ಣಾಗೋ ಜಾತಿ. ಜಂಬಕ್ಕೆ ಬಿದ್ದು ನಿನಗೂ ಹೇಳಲಿಲ್ಲ ನಾನು. ಡಬ್ಬಿ ತಾ."

ಮುಚ್ಚಳ ತೆಗೆದರೆ ಗಬ್ಬು ನಾತ, ಮೇಲೆ ಬಿಳಿ ಬೂಷ್ಟು. ತಮ್ಮ ಮೂಗು ಮುಚ್ಚಿಕೊಂಡ. ವಾರ್ಡಿನಲ್ಲಿ ಇದಕ್ಕಿಂತ ಕೆಟ್ಟದ್ದನ್ನು ಕಂಡ ನರ್ಸಮ್ಮ ಬಗ್ಗಿ ನೋಡಿದರು. ಟೊಮೆಟೊ ಬೀಜದ ಲೋಳೆ ಬಿಡಬೇಕಾದರೆ ಎರಡು ಮೂರು ದಿನ ಹೀಗೇ ಕೊಳೆಯಬೇಕು. ತಾವಾಗಿದ್ದರೆ ಬೇಕೆಂದೇ ಮಾಡುತ್ತಿದ್ದ ಕೆಲಸವನ್ನು ಈ ಮಹರಾಯ ಹೆದರಿ ಮಾಡಿ ಮುಗಿಸಿದ್ದ.

"ಟೀ ಸೋಸೋ ಜರಡಿ ತಗೊಂಡು ಬಾ. ಬಕೆಟ್ ನೀರೂ."

ನಾಲ್ಕು ನೀರಿನಲ್ಲಿ ತೊಳೆಸಿದರು. ಜೊಳ್ಳು ತೇಲಿತು, ಗಟ್ಟಿ ಬೀಜ ತಳ ಹಿಡಿಯಿತು, ಒಂದು ಚಮಚದಷ್ಟು. ಬೀಜವನ್ನು ತಟ್ಟೆಯಲ್ಲಿ ಹರವಿ, ನೆರಳಿನಲ್ಲಿಡಲು ಜಾಗ ಹುಡುಕುವಾಗ ತಮ್ಮನ ಕಣ್ಣಿಗೆ ಕುಂಡದ ಹಿಂದೆ, ಎಲೆಯ ಅಡಿಯಲ್ಲಿ, ಐದನೆಯದು ಬಿತ್ತು. ಒಂದು ಮಗ್ಗುಲು ಕೆಟ್ಟಿತ್ತು. ಕೆಟ್ಟದ್ದನ್ನು ಕತ್ತರಿಸಿ ತೆಗೆದರೆ ಉಳಿದದ್ದು ಒಂದು ತುತ್ತು.

"ತಗೋ ಅಕ್ಕ. ಇಷ್ಟು ದಿನ ಇದಕ್ಕೇ ಕಾದಿದ್ದೀಯ."

ನರ್ಸಮ್ಮ ಹೋಳನ್ನು ಬೆಳಕಿಗೆ ಹಿಡಿದರು. ಒಳಗೆಲ್ಲ ಎಳೆ ಹಸಿರು. ಬಾಯಲ್ಲಿ ನೀರೂರಿತು, ನಿಜ. ಅವನ ಅಂಗೈಗೇ ಹಾಕಿದರು.

"ಮೊದಲು ಅಮುಕಿ ನೋಡು. ಎಷ್ಟು ಮೆತ್ತಗಿದೆ ಅಂತ ಬೆರಳಿಗೆ ಗೊತ್ತಾಗ್ಲಿ. ಆಮೇಲೆ ತಿನ್ನು."

"ನಾನ್ಯಾಕೆ? ನೀನು ತಿನ್ನು ಅಂದ್ರೆ."

"ಬರೋ ವರ್ಷ ಇದೇ ಹೊತ್ತಿಗೆ ನನ್ನ ಇನ್ನೊಂದು ಮೊಣಕಾಲು ಕೊಯ್ತಾರೆ" ಎಂದರು ನರ್ಸಮ್ಮ. "ಆಗ ಕೀಳಬೇಕಾದವನು ನೀನು. ನಿಧಾನಕ್ಕೆ ಅಗಿ. ನೆನಪಿಟ್ಕೋ."